ಏಳು ತಲೆಮಾರು, ಒಂದೇ ಓಣಿ

ಮಂಗಳೂರಿನವರಿಗೆ ಜರ್ಮನಿಯವರ ಗುರ್ತ ಹೊಸತಲ್ಲ. ನಮ್ಮ ಮಾಡಿನ ಹಂಚಿಗೆ ಅವರು ಬೇಕಾಯಿತು, ಕಪಾಟಿನಲ್ಲಿ ಕೂತಿರುವ ದಪ್ಪ ನಿಘಂಟಿಗೆ ಅವರು ಬೇಕಾಯಿತು, 1843ರ ಜುಲೈ 1ರಂದು ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ ಹೊರಟಾಗಲೂ ಅದರ ಹಿಂದೆ ಇದ್ದವರು ಹರ್ಮನ್ ಮೊಗ್ಲಿಂಗ್ ಎಂಬ ಜರ್ಮನ್ ಪಾದ್ರಿ. ಅತ್ತಾವರದಿಂದ ನದಿಯ ಕಡೆಗೆ ನಾಲ್ಕು ಹೆಜ್ಜೆ ಹಾಕಿದರೆ ಜೆಪ್ಪು. ಅಲ್ಲಿ 1865ರಲ್ಲಿ ಹಂಚಿನ ಕಾರ್ಖಾನೆ ಶುರುಮಾಡಿದ ಜಾರ್ಜ್ ಪ್ಲೆಬ್‌ಸ್ಟ್ ಕೂಡ ಅದೇ ಬಳಗದವರು. ಹಾಗಾಗಿ ನಮ್ಮ ಓಣಿಗೆ ಒಂದು ಜರ್ಮನ್ ಕಾರು ಬಂದರೆ ಅದನ್ನು ಪರದೇಶದ್ದು ಎಂದು ಬಾಯಿಬಿಟ್ಟು ನೋಡುವ ಕ್ರಮ ನಮ್ಮಲ್ಲಿಲ್ಲ. ಸಂಬಂಧಿಕರ ಪೈಕಿ ಯಾರೋ ಬಂದರು, ಅಷ್ಟೆ.

ಆದರೆ ಸಂಬಂಧ ಅಂದಮೇಲೆ ಯಾವ ಕಡೆಯಿಂದ ಎಂದು ವಿಚಾರಿಸದೆ ಬಿಡುವವರು ನಾವಲ್ಲವಲ್ಲ. ಈ ಬಳಗವನ್ನು ಕಳಿಸಿದ ಬಾಸೆಲ್ ಮಿಶನ್ನಿನ ಮೊದಲ ಮೂವರು ಪಾದ್ರಿಗಳು ಈ ಕರಾವಳಿಗೆ ಬಂದಿಳಿದದ್ದು 1834ರಲ್ಲಿ. ಬಾಸೆಲ್ ಊರು ಇರುವುದು ಸ್ವಿಟ್ಜರ್ಲೆಂಡಿನಲ್ಲಾದರೂ ಅಲ್ಲಿಂದ ಹೊರಟವರಲ್ಲಿ ಬಹಳ ಮಂದಿ ಜರ್ಮನಿಯ ವುರ್ಟೆಂಬರ್ಗ್ ಸೀಮೆಯವರು. ಆ ಮೂವರಲ್ಲಿ ಒಬ್ಬರಾದ ಹೆಬಿಕ್ ಅಲ್ಲಿಯವರು, ಮೊಗ್ಲಿಂಗ್ ಅಲ್ಲಿಯವರು. ಈಗ ತಮಾಷೆ ನೋಡಿ. ಅದೇ 1834ರ ಮಾರ್ಚಿನಲ್ಲಿ, ಅದೇ ವುರ್ಟೆಂಬರ್ಗಿನ ಶೋರ್ನ್‌ಡೋರ್ಫ್ ಎಂಬ ಊರಲ್ಲಿ, ಬೇಕರಿಯವರೊಬ್ಬರ ಮನೆಯಲ್ಲಿ ಒಂದು ಗಂಡುಮಗು ಹುಟ್ಟಿತು. ಹೆಸರು ಗೊಟ್ಲೀಬ್ ಡೈಮ್ಲರ್. ಮುಂದೆ ಬೆಂಜ್ ಎಂಬ ಹೆಸರಿಗೆ ಗಂಟುಬಿದ್ದ ಡೈಮ್ಲರ್ ಇವರೇ. ಅಂದರೆ ಮಂಗಳೂರಿಗೆ ಬಂದ ಪಾದ್ರಿಗಳು ಬೆಂಜ್ ಕಡೆಯವರು! ಕಿಟೆಲ್ ಒಬ್ಬರು ಮಾತ್ರ ಉತ್ತರದ ಸಮುದ್ರ ತೀರದವರು. ಆದರೆ ಅವರ ನಿಘಂಟು ಮಂಗಳೂರಿನಲ್ಲಿ ಅಚ್ಚಾಗಿ ಹೊರಬಿದ್ದ 1894ರಲ್ಲೇ ಕಾರ್ಲ್ ಬೆಂಜ್ ತನ್ನ ‘ವೇಲೊ’ ಎಂಬ ಪುಟ್ಟ ಗಾಡಿಯನ್ನು ಮಾರಲು ಹೊರಟದ್ದು. ಎಲ್ಲಿಂದ ಹೋದರೂ ಬೆಂಜಿನ ಅಂಗಳಕ್ಕೇ ಬಂದು ಬೀಳುತ್ತೇವೆ.

ಬಿಎಂಡಬ್ಲ್ಯು ಹಾಗಲ್ಲ. ಅದು ಬವೇರಿಯದ್ದು, ಮ್ಯೂನಿಕ್ ಊರಿನದ್ದು. ಬವೇರಿಯದವರು ಹೆಚ್ಚಿನಂಶ ಕ್ಯಾಥೊಲಿಕರು, ನಮ್ಮ ಪಾದ್ರಿಗಳು ಪ್ರೊಟೆಸ್ಟಂಟರು. ಅವರವರಲ್ಲೇ ಹೋಗಿಬರುವ ಬಳಕೆ ಕಡಿಮೆ. ಹಾಗಿದ್ದೂ ನಾನು ಇವತ್ತು ಮಾತೆತ್ತಿದ್ದು ಆ ಬಿಎಂಡಬ್ಲ್ಯುವಿನ ತ್ರೀ ಸೀರೀಸ್ ಬಗ್ಗೆ. ಯಾಕೆ ಅಂತೀರಾ? ಕಾರಣ ಸಣ್ಣದು. ಅದು ದಿನಾ ನಮ್ಮ ಜಗಲಿಯ ಮುಂದೆ ಹಾದುಹೋಗುತ್ತದೆ, ಮತ್ತು ಹಾದುಹೋಗಲು ಬಹಳ ಹೊತ್ತು ತೆಗೆದುಕೊಳ್ಳುತ್ತದೆ.

ಅತ್ತಾವರವನ್ನು ನೀವು ಬಲ್ಲಿರಿ. ಅರಿಯದವರೂ ಒಮ್ಮೆಯಾದರೂ ಬಂದಿರುತ್ತೀರಿ. ಒಂದೋ ಸೆಂಟ್ರಲ್ ಸ್ಟೇಶನ್ನಿನಲ್ಲಿ ರೈಲು ಇಳಿದಿರುತ್ತೀರಿ, ಇಲ್ಲವಾದರೆ ಕೆ.ಎಂ.ಸಿ. ಆಸ್ಪತ್ರೆಯಲ್ಲಿ ಯಾರನ್ನೋ ನೋಡಲು ಹಾರ್ಲಿಕ್ಸ್ ಬಾಟ್ಲಿ ಹಿಡಿದು ಬಂದಿರುತ್ತೀರಿ. ಇವೆರಡರ ನಡುವೆ ಏರುವ ಇಳಿಯುವ ಓಣಿಗಳಲ್ಲಿ ನಮ್ಮದೂ ಒಂದು. ಒಂದು ಬದಿಗೆ ಮುರಕಲ್ಲಿನ ಪಾಗಾರ, ಮಳೆಗಾಲದಲ್ಲಿ ಪಾಚಿ ಕಟ್ಟಿ ಹಸಿರು, ಬೇಸಗೆಯಲ್ಲಿ ಅದೇ ಪಾಚಿ ಒಣಗಿ ಕಪ್ಪು. ಇನ್ನೊಂದು ಬದಿಗೆ ತೋಡು, ಅದಕ್ಕೆ ಮುಚ್ಚಿದ ಚಪ್ಪಡಿಗಳಲ್ಲಿ ಮೂರನೆಯದು ಅಲ್ಲಾಡುತ್ತದೆ. ಎತ್ತಿನ ಗಾಡಿಗೆ ಅಂತ ಬಿಟ್ಟ ಜಾಗ ಇರಬೇಕು. ಎರಡು ರಿಕ್ಷಾ ಎದುರುಬದುರಾದರೆ ಒಬ್ಬ ಹಿಂದೆ ಹೋಗಬೇಕು, ಯಾರು ಹೋಗಬೇಕು ಎಂಬುದರ ತೀರ್ಮಾನ ತುಳುವಿನಲ್ಲಿ ಆಗುತ್ತದೆ.

ಈ ಓಣಿಯ ತುದಿಯಲ್ಲಿ ಒಬ್ಬರು ಡಾಕ್ಟ್ರು ಇದ್ದಾರೆ. ಹಂಚಿನ ಮನೆ ಕೆಡವಿ ಫ್ಲ್ಯಾಟು ಕಟ್ಟಿದ ಮೇಲೆ ಅವರು ಅಲ್ಲಿಗೆ ಬಂದವರು. ಅವರ ನೀಲಿ ತ್ರೀ ಸೀರೀಸ್ ಓಣಿಗೆ ತಿರುಗುವ ರೀತಿ ನೋಡಬೇಕು ನೀವು. ಮೊದಲು ಎರಡು ಕಿವಿಗಳು, ಅದೇ, ಬದಿಯ ಕನ್ನಡಿಗಳು, ತಮ್ಮಷ್ಟಕ್ಕೆ ಮಡಚಿಕೊಳ್ಳುತ್ತವೆ. ಆಮೇಲೆ ‘ಟಿಣ್ ಟಿಣ್’ ಎಂಬ ಎಚ್ಚರಿಕೆ. ಪಾಗಾರ ಹತ್ತಿರ ಬಂದಷ್ಟೂ ಆ ಟಿಣ್ ಟಿಣ್ ಒತ್ತೊತ್ತಾಗಿ, ಕೊನೆಗೆ ಎಡೆಯೇ ಇಲ್ಲದೆ ಒಂದೇ ಉಸಿರಿನಲ್ಲಿ ಕೂಗತೊಡಗುತ್ತದೆ. ಅಷ್ಟರಲ್ಲಿ ನಮ್ಮ ಗೇಟಿನೆದುರಿನ ಹಂಪ್ ಬರುತ್ತದೆ. ಈ ಹಂಪನ್ನು ಯಾರು ಹಾಕಿದ್ದೆಂದು ಯಾರಿಗೂ ಗೊತ್ತಿಲ್ಲ. ರಾತ್ರಿ ಮಲಗುವಾಗ ಇರಲಿಲ್ಲ, ಬೆಳಿಗ್ಗೆ ಇತ್ತು. ಕಾರು ಅಲ್ಲಿ ನಿಂತು, ಸ್ವಲ್ಪ ಯೋಚನೆ ಮಾಡಿ, ಓರೆಯಾಗಿ ಒಂದು ಚಕ್ರ ಹತ್ತಿಸಿ, ಮತ್ತೊಂದು ಹತ್ತಿಸಿ, ಹೊಟ್ಟೆ ತಾಗದ ಹಾಗೆ ದಾಟುವ ಪ್ರಯತ್ನ ಮಾಡಿ, ಕಡೆಗೆ ತಾಗಿಸಿಯೇ ದಾಟುತ್ತದೆ. ‘ಕರ್ರ್’ ಎಂಬ ಆ ಸದ್ದು ಕೇಳಿದಾಗ ಒಳಗಿನಿಂದ ಅತ್ತೆ, “ಡಾಕ್ಟ್ರು ಬಂದ್ರು, ಚಾಕ್ಕೆ ನೀರಿಡ್ತೇನೆ” ಅನ್ನುತ್ತಾರೆ. ನಮ್ಮ ಮನೆಯ ಸಂಜೆಯ ಗಡಿಯಾರ ಅದು.

ಚಾ ಬಂತೆಂದರೆ ಜಗಲಿಯಲ್ಲಿ ನಾವು ಮೂವರು. ನಾನು, ಮಾವ, ಮತ್ತೆ ಕೊಲ್ಲಿಯಲ್ಲಿ ಬಹಳ ವರ್ಷ ದುಡಿದು ಬಂದ ಭಾವ. ಭಾವನಿಗೆ ಈ ಕಾರಿನ ಹುಚ್ಚು. ಮಾವನಿಗೆ ಯಾವ ಕಾರಿನ ಬಗ್ಗೆಯೂ ಒಂದೇ ಪ್ರಶ್ನೆ. “ಎಷ್ಟು ಕೊಡ್ತದೆ ಮಾರಾಯ, ಲೀಟರಿಗೆ?”

ಭಾವ ಆ ಪ್ರಶ್ನೆಗೆ ಈವರೆಗೆ ನೇರ ಉತ್ತರ ಕೊಟ್ಟವನಲ್ಲ. ಬದಲಿಗೆ ಇತಿಹಾಸ ಹೇಳುತ್ತಾನೆ. ಅವನ ಲೆಕ್ಕದಲ್ಲಿ ತ್ರೀ ಸೀರೀಸಿಗೆ ಈಗ ಏಳನೇ ತಲೆಮಾರು: ಇ21, ಇ30, ಇ36, ಇ46, ಇ90, ಎಫ್30, ಜಿ20. ಬೀದಿಯ ಹೆಸರು ಒಂದೇ, ಒಳಗಿನ ಕಾರ್ಖಾನೆ ಹೆಸರು ಬೇರೆಬೇರೆ. ನಮ್ಮ ಕಡೆಯವರಿಗೆ ಇದು ಅರ್ಥವಾಗಲು ಕಷ್ಟವಿಲ್ಲ. ಅಳಿಯಕಟ್ಟಿನ ಮನೆಗಳಲ್ಲಿ ಆಸ್ತಿ ಮಾವನಿಂದ ಅಳಿಯನಿಗೆ ಹೋಗುತ್ತಿತ್ತು, ಯಜಮಾನನ ಹೆಸರು ಬದಲಾಗುತ್ತಿತ್ತು, ಮನೆಯೇ ಬದಲಾಗಬಹುದಿತ್ತು, ಆದರೆ ತಾಯಿಯಿಂದ ಬಂದ ಬಳಿ, ಅಂದರೆ ಗೋತ್ರ, ಬದಲಾಗುವುದಿಲ್ಲ. ಈ ಕಾರಿನ ಬಳಿ ಅದರ ಮೂಗಿನಲ್ಲಿದೆ. ಮೂತ್ರಪಿಂಡದ ಆಕಾರದ ಆ ಜೋಡಿ ಜಾಲರಿ ಮೊದಲು ಬಂದದ್ದು 1933ರ ‘303’ ಕಾರಿನಲ್ಲಿ. ಅಲ್ಲಿಂದ ಈಚೆಗೆ ಉದ್ದವಾಯಿತು, ಗಿಡ್ಡವಾಯಿತು, ಇತ್ತೀಚೆಗೆ ಕೆಲವು ಮಾಡೆಲುಗಳಲ್ಲಿ ಹೇಳಿಕೊಳ್ಳಲು ನಾಚಿಕೆಯಾಗುವಷ್ಟು ದೊಡ್ಡದಾಯಿತು, ಹೋಗಲಿಲ್ಲ.

ಕಂಪೆನಿಯ ಹುಟ್ಟು ಮಾತ್ರ ಕಾರಿನಿಂದ ಅಲ್ಲ, ವಿಮಾನದಿಂದ. ಮೊದಲ ಮಹಾಯುದ್ಧ ಸುರುವಾದಾಗ ಇಲ್ಲಿ ಮಂಗಳೂರಿನಲ್ಲಿ ಜರ್ಮನ್ ಪಾದ್ರಿಗಳನ್ನು ಹಿಡಿದು ಶಿಬಿರಕ್ಕೆ ಹಾಕಿದರು. ಮಿಶನ್ನಿನ ಹಂಚಿನ ಕಾರ್ಖಾನೆ, ನೇಯ್ಗೆ ಕಾರ್ಖಾನೆಗಳೆಲ್ಲ ಆಮೇಲೆ ಕಾಮನ್‌ವೆಲ್ತ್ ಟ್ರಸ್ಟಿನ ಕೈಸೇರಿದವು. ಇಲ್ಲಿ ಜರ್ಮನರ ಬಾಗಿಲು ಮುಚ್ಚಿಸಿದ ಅದೇ ಯುದ್ಧ ಅಲ್ಲಿ ಮ್ಯೂನಿಕ್‌ನಲ್ಲಿ ವಿಮಾನದ ಎಂಜಿನು ಮಾಡುವ ಬಿಎಂಡಬ್ಲ್ಯುವಿನ ಬಾಗಿಲು ತೆರೆಸಿತು. ಯುದ್ಧ ಸೋತ ಮೇಲೆ ಜರ್ಮನಿ ವಿಮಾನದ ಎಂಜಿನು ಮಾಡಕೂಡದೆಂದು ಒಪ್ಪಂದ. ಹೊಟ್ಟೆಪಾಡಿಗೆ ರೈಲಿನ ಬ್ರೇಕು ಮಾಡಿದರು, 1923ರಲ್ಲಿ ಮೋಟಾರ್ ಸೈಕಲು ಮಾಡಿದರು, 1928ರಲ್ಲಿ ಐಸೆನಾಖ್ ಎಂಬಲ್ಲಿಯ ಒಂದು ಕಾರ್ಖಾನೆ ಕೊಂಡು, ಇಂಗ್ಲೆಂಡಿನ ಆಸ್ಟಿನ್ ಸೆವೆನ್ ಕಾರನ್ನೇ ಲೈಸೆನ್ಸಿನ ಮೇಲೆ ‘ಡಿಕ್ಸಿ’ ಎಂದು ಮಾರಿದರು. ಹೌದು, ಅಷ್ಟೊಂದು ಜಂಬದ ಕಂಪೆನಿಯ ಮೊದಲ ಕಾರು ಬ್ರಿಟಿಷರ ನಕಲು. ಇದನ್ನು ಕೇಳಿ ಮಾವನಿಗೆ ಎಷ್ಟು ಸಮಾಧಾನವಾಯಿತೆಂದರೆ ಎರಡನೇ ಬಿಸ್ಕೂಟು ತೆಗೆದುಕೊಂಡರು.

ಬಿಎಂಡಬ್ಲ್ಯುವಿನ ಗುರುತಿನ ವಿಷಯವೂ ಇಲ್ಲೇ ಹೇಳಿಬಿಡುತ್ತೇನೆ, ಆಮೇಲೆ ಮರೆತುಹೋಗುತ್ತದೆ. ನೀಲಿ ಬಿಳಿ ವೃತ್ತ ಇದೆಯಲ್ಲ, ಅದು ತಿರುಗುವ ವಿಮಾನದ ಪಂಖ ಎಂದು ಎಲ್ಲರೂ ಹೇಳುತ್ತಾರೆ. ಅಲ್ಲ. 1917ರಲ್ಲಿ ನೋಂದಾಯಿಸಿದಾಗ ಅದು ಬವೇರಿಯದ ಬಣ್ಣ ಮಾತ್ರ. 1929ರಲ್ಲಿ ಜಾಹೀರಾತೊಂದರಲ್ಲಿ ವಿಮಾನದ ಪಂಖದ ಮೇಲೆ ಆ ಗುರುತನ್ನು ಕೂರಿಸಿದರು, ಕಥೆ ಹುಟ್ಟಿಕೊಂಡಿತು, ಕಥೆ ಚೆನ್ನಾಗಿದೆಯಲ್ಲ ಎಂದು ಕಂಪೆನಿಯವರೂ ಬಹುಕಾಲ ಸುಮ್ಮನಿದ್ದರು. ಸ್ಥಳಪುರಾಣ ಹುಟ್ಟುವುದು ಎಲ್ಲ ಕಡೆಯೂ ಹೀಗೆಯೇ.

ಎರಡನೇ ಯುದ್ಧದ ನಂತರದ ಕಥೆ ನನಗೆ ಬಹಳ ಇಷ್ಟ. ಆಗ ಬಿಎಂಡಬ್ಲ್ಯು ಎರಡು ಬಗೆಯ ಕಾರು ಮಾಡುತ್ತಿತ್ತು. ಒಂದು, ಮಂತ್ರಿಗಳು ಕೂರುವಂಥ ಎಂಟು ಸಿಲಿಂಡರಿನ ದೊಡ್ಡ ಗಾಡಿ. ಇನ್ನೊಂದು, ಇಟಲಿಯಿಂದ ಲೈಸೆನ್ಸು ತಂದ ಇಸೆಟ್ಟಾ. ಅದರ ಬಾಗಿಲು ಮುಂದುಗಡೆ, ಫ್ರಿಜ್ಜಿನ ಬಾಗಿಲು ತೆರೆದ ಹಾಗೆ ಕಾರಿನ ಮುಖವನ್ನೇ ತೆರೆದು ಒಳಗೆ ಹೋಗಬೇಕು. ದೊಡ್ಡದನ್ನು ಕೊಳ್ಳುವ ಶಕ್ತಿ ಯಾರಿಗೂ ಇಲ್ಲ, ಸಣ್ಣದನ್ನು ಮಾರಿದರೆ ಲಾಭ ಇಲ್ಲ, ನಡುವೆ ಏನೂ ಇಲ್ಲ. ಕಂಪೆನಿ ಮುಳುಗುವ ಹಂತಕ್ಕೆ ಬಂತು. 1959ರ ಡಿಸೆಂಬರ್ 9ರಂದು ಮ್ಯೂನಿಕ್‌ನಲ್ಲಿ ಶೇರುದಾರರ ಸಭೆ. ಕೊಳ್ಳಲು ತಯಾರಾಗಿ ಕೂತವರು ಯಾರು? ನಮ್ಮ ಪಾದ್ರಿಗಳ ಊರಿನವರೇ, ಡೈಮ್ಲರ್-ಬೆಂಜ್! ಬ್ಯಾಂಕಿನವರೂ ಆಡಳಿತದವರೂ ಒಳಗೊಳಗೆ ಎಲ್ಲ ಮಾತಾಡಿ ಮುಗಿಸಿದ್ದರು. ಕೈಯೆತ್ತುವುದಷ್ಟೇ ಬಾಕಿ.

ಆಗ ಎದ್ದು ನಿಂತವರು ಸಣ್ಣ ಶೇರುದಾರರು. ಅವರಲ್ಲಿ ಒಬ್ಬ ಡಾರ್ಮ್‌ಸ್ಟಾಟ್ ಊರಿನ ಕಲ್ಲಿದ್ದಲು ವ್ಯಾಪಾರಿ, ಎರಿಕ್ ನೋಲ್ಡ್. ಇನ್ನೊಬ್ಬ, ಕಾರು ಡೀಲರುಗಳ ಪರವಾಗಿ ಬಂದ ವಕೀಲ, ಫ್ರೀಡ್ರಿಶ್ ಮಾಟರ್ನ್. ಸಭೆ ಗಂಟೆಗಟ್ಟಲೆ ಎಳೆಯಿತು. ಮಾಟರ್ನ್ ಲೆಕ್ಕಪತ್ರ ತಿರುವಿಹಾಕಿ ಒಂದು ತಪ್ಪು ಹುಡುಕಿದ. ‘700’ ಎಂಬ ಹೊಸ ಸಣ್ಣ ಕಾರಿನ ತಯಾರಿಗೆ ಹಾಕಿದ ಖರ್ಚನ್ನು ಹಲವು ವರ್ಷಕ್ಕೆ ಹಂಚುವ ಬದಲು ಒಂದೇ ವರ್ಷದ ತಲೆಗೆ ಕಟ್ಟಿದ್ದಾರೆ, ಅದಕ್ಕೇ ನಷ್ಟ ಇಷ್ಟು ದೊಡ್ಡದಾಗಿ ಕಾಣುತ್ತಿದೆ! ಲೆಕ್ಕದಲ್ಲಿ ದೋಷ ತೋರಿಸಿದರೆ ನೂರಕ್ಕೆ ಹತ್ತು ಮತ ಸಾಕು, ಸಭೆ ಮುಂದಕ್ಕೆ ಹೋಗುತ್ತದೆ. ಹೋಯಿತು. ಬೆಂಜಿನವರ ಗಡುವು ಮೀರಿತು. ಆಮೇಲೆ ಕಣ್ಣು ಸರಿಯಾಗಿ ಕಾಣದ ಹರ್ಬರ್ಟ್ ಕ್ವಾಂಟ್ ಎಂಬ ಸಾಹುಕಾರ ತನ್ನ ದುಡ್ಡು ಸುರಿದು ಕಂಪೆನಿಯನ್ನು ಉಳಿಸಿಕೊಂಡ.

ಮಾವ ನಿವೃತ್ತ ಬ್ಯಾಂಕಿನವರು. ಈ ಊರಿನ ಗಾಳಿಯಲ್ಲೇ ಬ್ಯಾಂಕು ಇದೆ, ನಿಮಗೆ ಗೊತ್ತಲ್ಲ. ಅವರಿಗೆ ಇಡೀ ಕಥೆಯಲ್ಲಿ ಕಾರು ಕಾಣಲೇ ಇಲ್ಲ. “ಡೆಫರ್ಡ್ ರೆವೆನ್ಯೂ ಎಕ್ಸ್‌ಪೆಂಡಿಚರ್!” ಎಂದು ತೊಡೆ ತಟ್ಟಿ, “ಒಂದೇ ವರ್ಷಕ್ಕೆ ಡೆಬಿಟ್ ಹಾಕಿದ್ದಾರಲ್ಲ, ಯಾವ ಆಡಿಟರ್ ಮಾರಾಯ ಅವ?” ಎಂದು ಆ ಸಂಜೆ ಪೂರಾ ಅದನ್ನೇ ಹಿಡಿದುಕೊಂಡರು. ಭಾವ 1962ರ ‘1500’ ಕಾರಿಗೆ, ಅಂದರೆ ಕಂಪೆನಿಗೆ ಎರಡನೇ ಜನ್ಮ ಕೊಟ್ಟ ಗಾಡಿಗೆ, ಮಾರನೆಯ ದಿನವೇ ಬರಬೇಕಾಯಿತು.

ಆ 1500ರ ಕತ್ತರಿಸಿದ ರೂಪವೇ 1966ರ ಎರಡು ಬಾಗಿಲಿನ ‘1600’. ಅದಕ್ಕೆ ಎರಡು ಲೀಟರಿನ ಎಂಜಿನು ಬಿದ್ದದ್ದು ಹೇಗೆ ಅಂತ ಕೇಳಿ. ಎಂಜಿನು ವಿಭಾಗದ ಮುಖ್ಯಸ್ಥ ಅಲೆಕ್ಸ್ ಫೊನ್ ಫಾಲ್ಕನ್‌ಹೌಸನ್, ತನ್ನ ಸ್ವಂತ ಉಪಯೋಗಕ್ಕೆ, ಒಂದು ಸಣ್ಣ ಕಾರಿನೊಳಗೆ ದೊಡ್ಡ ಎಂಜಿನು ತುರುಕಿಸಿಕೊಂಡಿದ್ದ. ಅದೇ ಕಂಪೆನಿಯ ಯೋಜನಾ ವಿಭಾಗದ ಹೆಲ್ಮುಟ್ ಬೋನ್ಶ್ ಕೂಡ ಗುಟ್ಟಿನಲ್ಲಿ ಅದನ್ನೇ ಮಾಡಿಸಿಕೊಂಡಿದ್ದ. ಇವನದ್ದು ಅವನಿಗೆ ಗೊತ್ತಿಲ್ಲ, ಅವನದ್ದು ಇವನಿಗೆ ಗೊತ್ತಿಲ್ಲ. ಎರಡೂ ಕಾರು ಒಂದೇ ಹೊತ್ತಿಗೆ ವರ್ಕ್‌ಶಾಪಿಗೆ ಬಂದಾಗ ಗುಟ್ಟು ಒಡೆಯಿತು. ಇಬ್ಬರೂ ಸೇರಿ ಆಡಳಿತದ ಮುಂದೆ ಹೋದರು. ಅತ್ತ ಅಮೆರಿಕದ ಆಮದುದಾರ ಮ್ಯಾಕ್ಸ್ ಹಾಫ್‌ಮನ್ ಕೂಡ ಶಕ್ತಿಯ ಗಾಡಿ ಕೊಡಿ ಎಂದು ಪ್ರಾಣ ತಿನ್ನುತ್ತಿದ್ದ. 1968ರಲ್ಲಿ ‘2002’ ಬಂತು. 1973ರಲ್ಲಿ ಅದಕ್ಕೆ ಟರ್ಬೊ ಕೂಡಿಸಿ, ಮುಂದಿನ ಬಂಪರಿನ ಕೆಳಗೆ ಹೆಸರನ್ನು ತಿರುಗುಮುರುಗಾಗಿ ಬರೆದು ಪ್ರದರ್ಶನಕ್ಕಿಟ್ಟರು. ಮುಂದೆ ಹೋಗುವ ಗಾಡಿಯವ ತನ್ನ ಕನ್ನಡಿಯಲ್ಲಿ ಸರಿಯಾಗಿ ಓದಿಕೊಂಡು ದಾರಿ ಬಿಡಬೇಕು ಅಂತ. ಅಷ್ಟರಲ್ಲಿ ತೈಲ ಬಿಕ್ಕಟ್ಟು ಬಂದು ಜಗತ್ತೇ ಪೆಟ್ರೋಲು ಬಂಕಿನ ಮುಂದೆ ಸಾಲು ನಿಂತಿತು. ಆ ಟರ್ಬೊ ಎರಡು ಸಾವಿರದಷ್ಟೂ ಮಾರಾಟವಾಗಲಿಲ್ಲ. ದಾರಿ ಬಿಡಿಸಿಕೊಳ್ಳುವ ಕಲೆಯಲ್ಲಿ ನಮ್ಮ ಉಡುಪಿ ಎಕ್ಸ್‌ಪ್ರೆಸ್ ಬಸ್ಸುಗಳು ಆ ಜರ್ಮನರಿಗಿಂತ ಎಷ್ಟೋ ಮುಂದಿವೆ. ಅವಕ್ಕೆ ಹಾರ್ನು ಸಾಕು, ಅಕ್ಷರ ಬೇಡ.

ಬಸ್ಸಿನ ಮಾತು ಬಂತು ನೋಡಿ. 1914ರಲ್ಲೇ ಸಿ.ಪಿ.ಸಿ. ಕಂಪೆನಿ ಕಟ್ಟಿ ಬಸ್ಸು ಓಡಿಸಿದ ಊರು ಇದು. ಎರಡನೇ ಯುದ್ಧ ಕಾಲದಲ್ಲಿ ಪೆಟ್ರೋಲು ಇಲ್ಲದೆ ಹಿಂದುಗಡೆ ಇದ್ದಿಲ ಒಲೆ ಕಟ್ಟಿಕೊಂಡು, ಆ ಹೊಗೆಯ ಗ್ಯಾಸಿನಲ್ಲಿ ಬಸ್ಸು ಓಡಿದ್ದನ್ನು ಮಾವನ ಅಜ್ಜ ಹೇಳುತ್ತಿದ್ದರಂತೆ. ಏರು ಬಂದಾಗ ಪ್ರಯಾಣಿಕರು ಇಳಿದು ನೂಕಬೇಕು. ಅದಕ್ಕೆ ಮೈಲೇಜು ಎಷ್ಟು ಎಂದು ಮಾತ್ರ ಯಾರೂ ಕೇಳಲಿಲ್ಲವಂತೆ. ಇರಲಿ, ಎಲ್ಲಿದ್ದೆವು? ಹಾಂ, ಮೊದಲ ತಲೆಮಾರು.

1975ರ ಜುಲೈ. ಮ್ಯೂನಿಕ್‌ನ ಒಲಿಂಪಿಕ್ ಸ್ಟೇಡಿಯಮ್ಮಿನಲ್ಲಿ ಇ21 ಕಾರನ್ನು ಜನರಿಗೆ ತೋರಿಸಿದರು. ಹೆಸರು ತ್ರೀ ಸೀರೀಸ್. ಎರಡೇ ಬಾಗಿಲು, ಹಿಂದೆ ಕೂರುವವರು ಮುಂದಿನ ಸೀಟು ಮಡಚಿ ನುಸುಳಬೇಕು. ಆದರೆ ಅದರಲ್ಲಿ ಒಂದು ಹೊಸತಿತ್ತು. ಡ್ಯಾಶ್‌ಬೋರ್ಡಿನ ನಡುಭಾಗವನ್ನು ಚಾಲಕನ ಕಡೆಗೆ ಓರೆಯಾಗಿ ತಿರುಗಿಸಿದ್ದರು. ಗುಂಡಿಗಳೆಲ್ಲ ಅವನಿಗೇ ಮುಖಮಾಡಿ ನಿಂತಿದ್ದವು. ಈ ಕಾರು ಓಡಿಸುವವನದ್ದು, ಉಳಿದವರು ಸುಮ್ಮನೆ ಜೊತೆಗೆ ಬಂದವರು ಎಂದು ಸಾರಿದ ಹಾಗೆ. ಈ ಒಂದು ಓರೆಯನ್ನು ಅವರು ತಲೆಮಾರುಗಟ್ಟಲೆ ಜೋಪಾನ ಮಾಡಿಕೊಂಡು ಬಂದರು.

ಈಗ ನಮ್ಮ ಓಣಿಯ ಡಾಕ್ಟ್ರ ವಿಷಯಕ್ಕೆ ಬನ್ನಿ. ಅವರು ಕೂರುವುದು ಹಿಂದೆ. ಗಾಡಿ ಬಿಡುವುದು ಡ್ರೈವರಣ್ಣ, ಬೆಳ್ತಂಗಡಿ ಕಡೆಯವ. ಅರ್ಧ ಶತಮಾನ ಬವೇರಿಯದ ಎಂಜಿನಿಯರುಗಳು ತಲೆಕೆಡಿಸಿಕೊಂಡದ್ದು ಯಾರಿಗಾಗಿ ಹೇಳಿ? ಒಮ್ಮೆ ನಮ್ಮ ಗೇಟಿನ ಹತ್ತಿರ ನಿಂತಿದ್ದಾಗ ಕೇಳಿದೆ, ಹೇಗುಂಟು ಗಾಡಿ ಎಂದು. ಅವನ ಮುಖ ಅರಳಿತು. “ಡಾಕ್ಟ್ರಿಗೆ ಎಂತ ಗೊತ್ತು ಸರ್, ಅವರು ಹಿಂದೆ ಕೂತು ಫೋನಿನಲ್ಲಿ ಎಕ್ಸ್‌ರೇ ನೋಡ್ತಾ ಇರ್ತಾರೆ. ಚಾರ್ಮಾಡಿ ತಿರುವಿನಲ್ಲಿ ಇದು ರೋಡನ್ನು ಕಚ್ಚಿ ಹಿಡಿಯುವುದು ಉಂಟಲ್ಲ, ಅದು ನನಗೂ ಈ ಸ್ಟೇರಿಂಗಿಗೂ ಮಾತ್ರ ಗೊತ್ತು.” ಸಾಲದ ಕಂತು ಕಟ್ಟುವುದು ಒಬ್ಬರು, ಸುಖ ಇನ್ನೊಬ್ಬರದ್ದು. ಕಂಪೆನಿಯವರಿಗೂ ಇದು ಅಂದಾಜಾಗಿರಬೇಕು. 2021ರಲ್ಲಿ ಭಾರತಕ್ಕೆಂದು ತಂದ ‘ಗ್ರ್ಯಾನ್ ಲಿಮೊಸಿನ್’ನಲ್ಲಿ ಚಕ್ರಗಳ ನಡುವಿನ ದೂರವನ್ನು 110 ಮಿಲಿಮೀಟರ್ ಹಿಗ್ಗಿಸಿದರು. ಹಿಗ್ಗಿದ ಜಾಗವೆಲ್ಲ ಹಿಂದಿನ ಸೀಟಿನವರ ಕಾಲಿಗೆ.

ಎರಡನೇ ತಲೆಮಾರು ಇ30, ಬಂದದ್ದು 1982ರ ಕೊನೆಗೆ. ಭಾವನ ಕಣ್ಣು ತೇವವಾಗುವುದು ಇಲ್ಲಿ. ಚೌಕ ಮೈ, ನಾಲ್ಕು ದುಂಡು ದೀಪ. ಕೊಲ್ಲಿಯಲ್ಲಿ ಅವನ ಮೊದಲ ಯಜಮಾನರ ಹತ್ತಿರ ಒಂದು ಬಿಳಿಯದು ಇತ್ತಂತೆ. ಮರಳಿನ ಧೂಳು ಒರೆಸುವ ನೆವದಲ್ಲಿ ಇವನು ಅದನ್ನು ಮುಟ್ಟಿ ಮುಟ್ಟಿ ನೋಡುತ್ತಿದ್ದನಂತೆ. ನನಗೆ ಇ30ಯಲ್ಲಿ ಹಿಡಿಸಿದ್ದು ಕಾರಿಗಿಂತ ಮ್ಯಾಕ್ಸ್ ರೈಸ್‌ಬೋಕ್ ಎಂಬ ಗೃಹಸ್ಥನ ಪ್ರಸಂಗ. ಈತ ಬಿಎಂಡಬ್ಲ್ಯುವಿನಲ್ಲೇ ಮಾದರಿ ಕಾರು ಕಟ್ಟುವ ಕೆಲಸದವ. ಹೆಂಡತಿ, ಎರಡು ಮಕ್ಕಳು, ಮಕ್ಕಳ ಸೈಕಲು, ರಜೆಗೆ ಹೊರಟರೆ ಸಾಮಾನು ಹಿಡಿಸುವುದಿಲ್ಲ. ಸ್ವಂತ ಕಂಪೆನಿ ದೊಡ್ಡ ಡಿಕ್ಕಿಯ ತ್ರೀ ಸೀರೀಸ್ ಮಾಡುವುದಿಲ್ಲ. ಬೇರೆ ಕಂಪೆನಿಯದ್ದು ಕೊಂಡರೆ ಮರ್ಯಾದೆ ಹೋಗುತ್ತದೆ. ಏನು ಮಾಡಿದ? ಆ್ಯಕ್ಸಿಡೆಂಟ್ ಆಗಿ ಹಿಂಬದಿ ಜಜ್ಜಿಹೋಗಿದ್ದ ಒಂದು 323ಐ ಕೊಂಡ. ಗೆಳೆಯನ ಗ್ಯಾರೇಜಿಗೆ ತಂದ. ಬಿಡುವಾದಾಗಲೆಲ್ಲ ಹೋಗಿ ಕೊಯ್ದ, ಬಡಿದ, ಬೆಸುಗೆ ಹಾಕಿದ. ಮಾಡನ್ನು ಕೊನೆಯವರೆಗೆ ಎಳೆದ. ಆರು ತಿಂಗಳಲ್ಲಿ ಗಾಡಿ ತಯಾರು. ಅದನ್ನು ಕಂಪೆನಿಯ ದೊಡ್ಡವರಿಗೆ ತೋರಿಸಿದಾಗ, ಈ ಕಾರು ಇನ್ನು ಇಲ್ಲಿಂದ ಹೊರಗೆ ಹೋಗಕೂಡದು ಅಂದುಬಿಟ್ಟರಂತೆ. 1987ರಲ್ಲಿ ಅದೇ ‘ಟೂರಿಂಗ್’ ಎಂಬ ಹೆಸರಿನಲ್ಲಿ ಫ್ರಾಂಕ್‌ಫರ್ಟಿನಲ್ಲಿ ಬೆಳಕಿಗೆ ಬಂತು. ಪಾಪ, ರೈಸ್‌ಬೋಕನ ಸಂಸಾರ ಮುಂದಿನ ರಜೆಗೆ ಯಾವುದರಲ್ಲಿ ಹೋಯಿತೋ.

ಅತ್ತೆ ಇಷ್ಟು ಹೊತ್ತು ಒಳಗೆ ಬಸಳೆ ಸೋಸುತ್ತಿದ್ದವರು ಈ ಕಥೆಗೆ ಹೊರಗೆ ಬಂದು ಕೂತರು. ಸಾಮಾನಿನ ವಿಷಯ ಅಂದರೆ ಅವರದ್ದೇ ರಾಜ್ಯ. ಬೆಂಗಳೂರಿನ ಮಗಳ ಮನೆಗೆ ಹೊರಡುವಾಗ ಒಂದು ಸಣ್ಣ ಮಾರುತಿಯೊಳಗೆ ಕುಚ್ಚಲಕ್ಕಿ ಗೋಣಿ, ತೆಂಗಿನೆಣ್ಣೆ ಕ್ಯಾನು, ಎರಡು ಹಲಸಿನಕಾಯಿ, ಹಪ್ಪಳದ ಡಬ್ಬ, ಪತ್ರೊಡೆಗೆ ಕೆಸುವಿನೆಲೆಯ ಕಟ್ಟು, ಹತ್ತು ತೆಂಗಿನಕಾಯಿ, ಅಷ್ಟೆಲ್ಲ ಇಟ್ಟು ಮಾವನನ್ನೂ ಇಡುತ್ತಾರೆ. “ಆ ಜರ್ಮನಿಯವ ನನ್ನನ್ನು ಕೇಳಿದ್ದರೆ ಗಾಡಿ ಕೊಯ್ಯುವ ಅಗತ್ಯ ಇರಲಿಲ್ಲ” ಎಂಬುದು ಅವರ ಅಭಿಪ್ರಾಯ. ಅದೂ ಅಲ್ಲದೆ ಮಾಡು ಹಿಂದಿನವರೆಗೂ ಎಳೆದ ಕಾರನ್ನು ನಮ್ಮ ಜನ ಕೊಳ್ಳುವುದು ಕಡಿಮೆ. ಆಂಬುಲೆನ್ಸ್ ಹಾಗೆ ಕಾಣ್ತದೆ ಅನ್ನುತ್ತಾರೆ. ಆಸ್ಪತ್ರೆಯ ಪಕ್ಕದಲ್ಲೇ ಇರುವ ನಮ್ಮ ಅತ್ತಾವರದಲ್ಲಂತೂ ಕೇಳುವುದೇ ಬೇಡ.

ಮೂರನೆಯದು 1990ರ ಇ36, ನಾಲ್ಕನೆಯದು 1998ರಲ್ಲಿ ಮಾರಾಟಕ್ಕೆ ಬಂದ ಇ46. ಮೂವತ್ತು ಲಕ್ಷಕ್ಕೂ ಹೆಚ್ಚು ಮಾರಿದ್ದು ಇದು. 2002ರ ಒಂದೇ ವರ್ಷದಲ್ಲಿ ಐದೂವರೆ ಲಕ್ಷ ದಾಟಿತು. ಅಷ್ಟು ಸಾಕು ಇವಕ್ಕೆ. ಎಲ್ಲರೂ ಹೊಗಳುವುದನ್ನು ನಾನೂ ಹೊಗಳಿ ಏನಾಗಬೇಕು? ಒಂದು ಮಾತ್ರ ಗಮನಿಸಿದ್ದೇನೆ. ಇ30ಯವರಿಗೆ ಇ36 ಮೆತ್ತಗಾಯಿತು ಅನಿಸಿತು. ಇ36 ಓಡಿಸಿದವರು ಇ46 ತೂಕವಾಯಿತು ಅಂದರು. ಇ46 ಇದ್ದವರು 2005ರಲ್ಲಿ ಇ90 ಬಂದಾಗ, ಕ್ರಿಸ್ ಬ್ಯಾಂಗಲ್ ಎಂಬ ವಿನ್ಯಾಸದ ಮುಖ್ಯಸ್ಥನ ಕಾಲದಲ್ಲಿ ರೂಪವೇ ಕೆಟ್ಟಿತು ಎಂದು ಗೋಳೋ ಎಂದು ಅತ್ತರು. ಈಗ ಅದೇ ಇ90ಯನ್ನು ಕಂಡು, ಕೊನೆಯ ಶುದ್ಧ ಆರು ಸಿಲಿಂಡರಿನ ಗಾಡಿ ಎಂದು ಕೈ ಮುಗಿಯುವವರಿದ್ದಾರೆ. ಮಾವ ಕೂಡ ಹಾಗೆಯೇ. ಅವರ ಪ್ರಕಾರ ಗೋಳಿಬಜೆ ಕೊನೆಯದಾಗಿ ಸರಿಯಾಗಿದ್ದದ್ದು ಎಪ್ಪತ್ತೆಂಟರಲ್ಲಿ, ಸ್ಟೇಶನ್ ಹತ್ತಿರದ ಒಂದು ಹೋಟೆಲಿನಲ್ಲಿ.

ಇ90ಯಿಂದ ಕಥೆ ನಮ್ಮ ಹತ್ತಿರಕ್ಕೆ ಬರುತ್ತದೆ. 2007ರ ಮಾರ್ಚ್ 29ರಂದು ಚೆನ್ನೈ ಪಕ್ಕದ ಚೆಂಗಲ್ಪಟ್ಟು ಸೀಮೆಯಲ್ಲಿ ಬಿಎಂಡಬ್ಲ್ಯು ತನ್ನ ಜೋಡಣೆಯ ಕಾರ್ಖಾನೆ ತೆರೆಯಿತು. ಮೊದಲು ಜೋಡಿಸಿದ ಕಾರುಗಳಲ್ಲಿ ತ್ರೀ ಸೀರೀಸೂ ಒಂದು. ಚೆನ್ನೈಯ ಎಗ್ಮೋರಿನಿಂದ ಹೊರಟು ಚೆಂಗಲ್ಪಟ್ಟು ದಾಟಿ, ತಿರುಚ್ಚಿ ಸುತ್ತಿ, ಕೇರಳವನ್ನು ಹಾದು ನಮ್ಮ ಅತ್ತಾವರದಲ್ಲಿ ಬಂದು ನಿಲ್ಲುವ ಒಂದು ರೈಲು ಇದೆ. ಮನಸ್ಸು ಮಾಡಿದ್ದರೆ ಕಾರನ್ನು ಅದರಲ್ಲೇ ಹತ್ತಿಸಿ ಕಳಿಸಬಹುದಿತ್ತು. ಘಟ್ಟ ಇಳಿಸಿ ತರುವ ರಗಳೆ ಇರಲಿಲ್ಲ.

ಇದೇ ಹೊತ್ತಿಗೆ, ಸುಮಾರು 2010ರಲ್ಲಿ, ಇಲ್ಲಿಂದ ಕೂಗಳತೆ ದೂರದ ಪಂಪ್‌ವೆಲ್‌ನಲ್ಲಿ ಫ್ಲೈಓವರಿನ ಕೆಲಸ ಶುರುವಾಯಿತು. ಆಗ ಜರ್ಮನಿಯಲ್ಲಿ ಇ90 ನಡೆಯುತ್ತಿತ್ತು. ಕಂಬಗಳು ಎದ್ದು ನಿಂತು ತುಕ್ಕು ಹಿಡಿದ ಸರಳು ಆಕಾಶ ನೋಡುತ್ತಿದ್ದಾಗ, 2011ರಲ್ಲಿ, ಎಫ್30 ಬಂತು. ಎಫ್30 ಊರೆಲ್ಲ ಓಡಿ, ಹಳತಾಗಿ, ಸೆಕೆಂಡ್‌ಹ್ಯಾಂಡ್ ಅಂಗಡಿ ಸೇರಿ, 2018ರ ಅಕ್ಟೋಬರಿನಲ್ಲಿ ಪ್ಯಾರಿಸ್ಸಿನಲ್ಲಿ ಜಿ20 ತೋರಿಸಿದಾಗಲೂ ನಮ್ಮ ಫ್ಲೈಓವರು ಆಗಿರಲಿಲ್ಲ. ಕಡೆಗೂ ಅದರ ಮೇಲೆ ಗಾಡಿ ಹೋದದ್ದು 2020ರ ಜನವರಿ 31ರಂದು. ಒಂದು ಸೇತುವೆ ಮುಗಿಯುವುದರೊಳಗೆ ಕಾರಿನ ಎರಡು ತಲೆಮಾರು ಸಂದುಹೋಯಿತು. ಜರ್ಮನರು ಆತುರಗಾರರು, ಬೇರೇನಲ್ಲ.

ಇನ್ನು ಹಿಂಬದಿಯ ಅಂಕಿ. ಹಿಂದೆ ಅದರಲ್ಲೊಂದು ಸತ್ಯ ಇತ್ತು. ಮೊದಲ ಅಂಕಿ ಸೀರೀಸ್, ಉಳಿದೆರಡು ಎಂಜಿನು. 320 ಅಂದರೆ ಎರಡು ಲೀಟರ್, 323 ಅಂದರೆ 2.3. ಎಫ್30 ಕಾಲಕ್ಕೆ 328 ಎಂದು ಬರೆದುಕೊಂಡ ಕಾರಿನೊಳಗೂ ಇದ್ದದ್ದು ಎರಡೇ ಲೀಟರ್, ಉಳಿದದ್ದನ್ನು ಟರ್ಬೊ ಊದಿ ತುಂಬಿಸುತ್ತದೆ. ಮಾವನ ಬ್ಯಾಂಕ್ ಮನಸ್ಸಿಗೆ ಇದು ಸರಿ ಕಾಣಲಿಲ್ಲ. “ಬ್ಯಾಲೆನ್ಸ್ ಶೀಟಿನಲ್ಲಿ ಹೀಗೆ ಬರೆದರೆ ಒಳಗೆ ಹಾಕ್ತಾರೆ” ಅಂದರು.

ಅಳತೆಯದ್ದು ಇನ್ನೂ ಮಜಾ. ಇ21ರ ಉದ್ದ 4,355 ಮಿಲಿಮೀಟರ್, ಅಗಲ 1,610. ಜಿ20ಯ ಉದ್ದ 4,709, ಅಗಲ 1,827; ನಮ್ಮ ಡಾಕ್ಟ್ರದ್ದು ಹಿಗ್ಗಿಸಿದ ಮಾಡೆಲು ಆದ್ದರಿಂದ ಅದಕ್ಕೂ ಮೇಲೆ 11 ಸೆಂಟಿಮೀಟರ್. 1972ರಲ್ಲಿ ದೊಡ್ಡ ಕಾರು ಎಂದು ಮಾರಿದ ಮೊದಲ ಫೈವ್ ಸೀರೀಸೇ 4,620 ಇದ್ದದ್ದು. ಮನೆಯ ಕಿರಿಯ ಹುಡುಗ ದೊಡ್ಡಣ್ಣನ ಅಂಗಿ ಹರಿದು ಹೊರಗೆ ಬಂದಿದ್ದಾನೆ, ಕರೆಯುವುದು ಮಾತ್ರ ಈಗಲೂ ಚಿಕ್ಕವ ಎಂದೇ. ನಮ್ಮ ಓಣಿ? ಭಾವ ಒಂದು ಭಾನುವಾರ ಟೇಪು ಹಿಡಿದು ಅಳೆದ. ಪಾಗಾರದಿಂದ ತೋಡಿನ ಅಂಚಿನವರೆಗೆ ಎಷ್ಟು ಬಂತೆಂದು ಹೇಳುವುದಿಲ್ಲ, ಮನೆಯ ಬೆಲೆ ಇಳಿದೀತು. ಇ21 ಆಗಿದ್ದರೆ ಕನ್ನಡಿ ಮಡಚದೆ ಬರುತ್ತಿತ್ತು ಎಂಬುದಂತೂ ಖಾತ್ರಿ.

ಇದೆಲ್ಲ ಆದಮೇಲೆ ಬೆಲೆಯ ಮಾತು ಬಾರದೆ ಇರುತ್ತದೆಯೇ? ಅರುವತ್ತು ಲಕ್ಷ ದಾಟಿದ ಗಾಡಿ; ಇಪ್ಪತ್ತು ಲಕ್ಷದ ಮೇಲಿನ ಕಾರಿಗೆ ಕರ್ನಾಟಕದಲ್ಲಿ ಆಜೀವ ತೆರಿಗೆ ಶೇಕಡಾ 18. ಅಂದರೆ ತೆರಿಗೆ ಕಟ್ಟಿದ ದುಡ್ಡಿಗೇ ಇನ್ನೊಂದು ಹೊಸ ಸ್ವಿಫ್ಟ್ ಅಂಗಳಕ್ಕೆ ಬರುತ್ತದೆ. ದೊಡ್ಡ ದೊಡ್ಡವರೂ ಪುದುಚೇರಿಯಲ್ಲಿ ಒಂದು ವಿಳಾಸ ಹುಡುಕಿಕೊಂಡು ಅಲ್ಲಿಯ ನಂಬರ್ ಪ್ಲೇಟು ಹಾಕಿಸಿಕೊಂಡದ್ದು ಸುಮ್ಮನೆ ಅಲ್ಲ. ನಮ್ಮ ಡಾಕ್ಟ್ರು ಸಾಚಾ ಮನುಷ್ಯ, ಅವರದ್ದು ಕೆಎ 19.

ಭಾವನಿಗೂ ಒಂದು ತ್ರೀ ಸೀರೀಸ್ ಬೇಕಂತೆ, ಆದರೆ ಹೊಸತು ಬೇಡವಂತೆ. ಹಳೆಯ ಇ46 ಒಂದು ಬೆಂಗಳೂರಿನಲ್ಲಿ ಮಾರಾಟಕ್ಕಿದೆ, ಐದಾರು ಲಕ್ಷಕ್ಕೆ ಬಿಡುತ್ತಾನೆ, ಬಾಷ್ ಕಂಪೆನಿಯ ಬಿಡಿಭಾಗ ಸಿಗುತ್ತದೆ ಎಂದು ಮೆಲ್ಲಗೆ ಬಾಯಿಬಿಟ್ಟ. ಬಾಷ್ ಅಂದಾಗ ಮಾವನ ಕಿವಿ ನೆಟ್ಟಗಾಯಿತು. “ಅದು ನಮ್ಮ ಮೈಕೊ ಅಲ್ವಾ? ಬೆಂಗಳೂರಿನ ಆಡುಗೋಡಿಯಲ್ಲಿ? ನನ್ನ ಸ್ಕೂಟರಿಗೆ ಜೀವಮಾನವಿಡೀ ಮೈಕೊ ಪ್ಲಗ್ಗೇ ಹಾಕಿದ್ದು.” 1951ರಲ್ಲಿ ಹುಟ್ಟಿದ ಮೈಕೊ ಆಮೇಲೆ ಬಾಷ್ ಎಂದು ಹೆಸರು ಬದಲಿಸಿಕೊಂಡದ್ದು ಹೌದು. ಅಷ್ಟಕ್ಕೇ ಮಾವ ಅರ್ಧ ಒಪ್ಪಿದರು. ಸ್ಕೂಟರಿನ ಪ್ಲಗ್ಗಿನ ಮೂಲಕ ಬವೇರಿಯಕ್ಕೂ ಒಂದು ಸಂಬಂಧ ಸಿಕ್ಕಿತಲ್ಲ.

ಒಪ್ಪದೆ ಉಳಿದವರು ಅತ್ತೆ. “ತಂದು ನಿಲ್ಲಿಸುವುದು ಎಲ್ಲಿ?” ಕೇಳಿದ್ದು ನ್ಯಾಯವೇ. ಅಂಗಳದಲ್ಲಿ ಇರುವುದು ಒಂದೇ ಜಾಗ, ಬಾವಿಕಟ್ಟೆಯ ಪಕ್ಕ, ಎರಡು ತೆಂಗಿನ ಮರದ ಬುಡದಲ್ಲಿ. ಕಳೆದ ಮಳೆಗಾಲದಲ್ಲಿ ಅಲ್ಲಿ ಬಿದ್ದ ಮಡಲು ಮಾವನ ಮಾರುತಿಯ ನೆತ್ತಿಯಲ್ಲಿ ಇನ್ನೂ ಗುರುತು ಉಳಿಸಿದೆ. ಕೊತ್ತಳಿಗೆ ಬಡಿದು ಬಾನೆಟ್ಟಿನಲ್ಲಿ ಇಡ್ಲಿ ತಟ್ಟೆಯಷ್ಟು ತಗ್ಗು. ಇ46 ಬಾನೆಟ್ಟಿಗೆ ಹಾಗಾದರೆ ಭಾವ ಬದುಕಿ ಉಳಿಯುತ್ತಾನೆಂಬ ನಂಬಿಕೆ ನನಗಿಲ್ಲ. ಮರ ಕಡಿಯುವ ಮಾತೆತ್ತುವ ಧೈರ್ಯ ಈ ಮನೆಯಲ್ಲಿ ಯಾರಿಗೂ ಇಲ್ಲ. ಕಾಯಿ, ಒಣ ಮಡಲು ತೆಗೆಸಿಬಿಟ್ಟರೆ ಸಾಕು ಎಂಬಲ್ಲಿಗೆ ತೀರ್ಮಾನ ಬಂತು. ಮರ ಹತ್ತುವವನಿಗೆ ಫೋನು ಮಾಡಿದರೆ ಬರುವ ವಾರ ಬರುತ್ತೇನೆ ಅನ್ನುತ್ತಾನೆ, ಯಾವ ತಿಂಗಳ ಬರುವ ವಾರ ಎಂದು ಹೇಳುವುದಿಲ್ಲ. ಅತ್ತಾವರ, ಜೆಪ್ಪು, ಬಾಬುಗುಡ್ಡೆ ಕಡೆಗೆ ಬರುವವರು ಯಾರಾದರೂ ನಿಮ್ಮ ಗುರ್ತದಲ್ಲಿದ್ದರೆ ದಯಮಾಡಿ ತಿಳಿಸಿ. ಬಿಎಂಡಬ್ಲ್ಯು ರಿಪೇರಿ ಮಾಡುವವನ ನಂಬರ್ ಭಾವನ ಹತ್ತಿರ ಆಗಲೇ ಮೂರು ಉಂಟು.